ಬರ್ತೇನಿ ಅಂದವರು

ನಮ್ಮ ಕಡೆ ಗುಡ್ಡವಿಲ್ಲ. ಅಫಜಲಪುರದಲ್ಲಿ ಮಾಳಿಗೆ ಹತ್ತಿ ನಿಂತರೆ ಇನ್ನೊಬ್ಬರ ಮಾಳಿಗೆ ಕಾಣುತ್ತದೆ, ಅದರ ಮೇಲೆ ಒಣಹಾಕಿದ ಮೆಣಸಿನಕಾಯಿ ಮತ್ತು ನೀರಿನ ಕರಿ ಟಾಕಿ ಕಾಣುತ್ತದೆ. ಅದರಾಚೆ ತೊಗರಿ, ತೊಗರಿಯಾಚೆ ಜೋಳ. ನೆಲ ಎಲ್ಲೂ ತಲೆ ಎತ್ತುವುದಿಲ್ಲ. ಇಂಥ ನೆಲದಲ್ಲಿ ಹುಟ್ಟಿ ಬೆಳೆದವರು ಗುಡ್ಡದ ಬಗ್ಗೆ ಮಾತಾಡುವುದನ್ನು ಒಮ್ಮೆ ಕೇಳಬೇಕು. ಹಲ್ಲಿಲ್ಲದವರು ಕಬ್ಬಿನ ರುಚಿ ವರ್ಣಿಸಿದ ಹಾಗಿರುತ್ತದೆ.

ಕಳೆದ ವರ್ಷ ಅಂಥ ಮಾತನ್ನು ನಾನು ಎರಡು ತಿಂಗಳಿಗೂ ಹೆಚ್ಚು ಕೇಳಿದೆ. ದಿನಚರಿಯಲ್ಲಿ ಲೆಕ್ಕವಿದೆ: ಅಕ್ಟೋಬರಿನಲ್ಲಿ ಎರಡು ಸಭೆ, ನವೆಂಬರಿನಲ್ಲಿ ನಾಲ್ಕು, ಡಿಸೆಂಬರಿನಲ್ಲಿ ಒಂದು. ನಾನು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಸೂಕ್ಷ್ಮದರ್ಶಕದಲ್ಲಿ ಬಿಳಿ ಕಣ ಎಣಿಸಿ ಎಣಿಸಿ, ನಾಲ್ಕು ನಿಂತ ಗೆರೆ, ಐದನೆಯದು ಅಡ್ಡ ಎಂದು ಗುರುತು ಹಾಕುವುದು ಕೈಗೆ ಅಂಟಿಕೊಂಡಿದೆ. ಮನುಷ್ಯರ ಮಾತನ್ನೂ ಹಾಗೇ ಎಣಿಸುತ್ತೇನೆ. ಕಣಗಳಿಗೆ ಒಂದು ಗುಣವಿದೆ, ಇದ್ದರೆ ಇರುತ್ತವೆ, ಇಲ್ಲದಿದ್ದರೆ ಇಲ್ಲ. ಮನುಷ್ಯರಿಗೆ ಅದು ಬರಲಿಲ್ಲ.

ಸೈಕಲ್ ಗುಂಪಿಗೆ ನನ್ನನ್ನು ಸೇರಿಸಿದವರು ಅಕ್ಕೋರು. ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು. ಅದೇ ಊರು, ಅದೇ ಓಣಿ. ಸಕ್ಕರೆ ಕಾಯಿಲೆಯ ಭಯಕ್ಕೆ ಸೈಕಲ್ ಕೊಂಡಿದ್ದರು. ಬೆಳಗಿನ ಹೊತ್ತು ಇಬ್ಬರೂ ಕರಜಗಿ ರಸ್ತೆಯಲ್ಲಿ ಒಂದಷ್ಟು ದೂರ ತುಳಿದು ಬರುತ್ತಿದ್ದೆವು. ಒಂದು ದಿನ ಅವರು, "ಜೇವರ್ಗಿ ಕಡೀ ಮಂದಿ ಗುಡ್ಡಕ್ಕ ಹೋಗಾಕತ್ತಾರ. ಶನಿವಾರ ಹೋಗಿ, ಅಲ್ಲೇ ಟೆಂಟ್ ಹಾಕಿ ಮಲಗಿ, ಐತಾರ ಬರೂದು. ನಮ್ಮನ್ನೂ ಕರದಾರ, ಬರ್ತಿ ಏನು?" ಎಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನಗೆ ಇಪ್ಪತ್ತಮೂರು ವರ್ಷ. ನನ್ನ ಕಾಲಿನಿಂದಲೇ ತುಳಿದುಕೊಂಡು ಹೋಗಿ, ಒಂದು ಎತ್ತರ ಏರಿ, ಅಲ್ಲಿ ರಾತ್ರಿ ಕಳೆದು, ಬೆಳಗ್ಗೆ ಕೆಳಗೆ ನೋಡಬೇಕು ಎನ್ನುವುದಕ್ಕಿಂತ ದೊಡ್ಡ ಆಸೆ ನನಗೆ ಇರಲಿಲ್ಲ, ಈಗಲೂ ಇಲ್ಲ. ಕೆಳಗೆ ನೋಡುವುದು ಎಂದರೇನು ಎಂದು ನಮ್ಮ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಕೆಳಗೆ ನೋಡಿದರೆ ನಮಗೆ ಕಾಣುವುದು ನಮ್ಮ ಚಪ್ಪಲಿ.

ಗುಂಪಿನ ಮುಖಂಡರು ಜೇವರ್ಗಿಯಲ್ಲಿ ಬ್ಯಾಂಕೊಂದರ ಅಧಿಕಾರಿ. ತಮಗೆ ತಾವೇ ಕ್ಯಾಪ್ಟನ್ ಎಂದು ಹೆಸರಿಟ್ಟುಕೊಂಡಿದ್ದರು. ಅವರ ಸೈಕಲ್ಲಿಗೆ ಇಪ್ಪತ್ತೊಂದು ಗೇರು. ಅವರು ಗೇರು ಬದಲಿಸಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಕೈಗೆ ಬೆರಳಿಲ್ಲದ ಕೈಗವಸು, ಕಣ್ಣಿಗೆ ಬಣ್ಣದ ಕನ್ನಡಕ, ತಲೆಗೆ ಮುಂದೆ ಚೂಪಾದ ಹೆಲ್ಮೆಟ್. ಅದನ್ನು ಹಾಕಿಕೊಂಡೇ ಚಹಾ ಕುಡಿಯುತ್ತಿದ್ದರು. ಅವರ ಬಲಗೈ ಎಂದರೆ ಆಳಂದದ ಪಿ.ಟಿ. ಮಾಸ್ತರರು. ಕೊರಳಿಗೆ ಯಾವಾಗಲೂ ಸೀಟಿ. ಊದುವುದಕ್ಕೆ ಉಸಿರು ಸಾಲದಷ್ಟು ಹೊಟ್ಟೆ. ಕ್ಯಾಪ್ಟನ್ ಹೇಳಿದ್ದಕ್ಕೆಲ್ಲ "ಖರೆ ಅದ ಸರ್" ಎನ್ನುವುದು ಅವರ ಕೆಲಸ. ಇನ್ನಿಬ್ಬರು ಕ್ಯಾಪ್ಟನ್ನರ ಬ್ಯಾಂಕಿನವರು. ಅವರು ಬಾಯಿ ತೆರೆಯುತ್ತಿದ್ದದ್ದು ಮಿರ್ಚಿ ಭಜಿಗೆ ಮಾತ್ರ. ಅವರ ಬಗ್ಗೆ ಬರೆಯಲು ಬೇರೆ ಏನೂ ಇಲ್ಲ.

ಸಭೆ ಒಂದು ವಾರ ಆಳಂದದಲ್ಲಿ, ಒಂದು ವಾರ ಅಫಜಲಪುರದಲ್ಲಿ, ಒಂದು ವಾರ ಜೇವರ್ಗಿಯಲ್ಲಿ. ಎಲ್ಲರಿಗೂ ಸಮಾನ ಅವಕಾಶ ಸಿಗಲಿ ಎಂದು ಹಾಗೆ ಮಾಡಿದ್ದು ಎಂದು ಕ್ಯಾಪ್ಟನ್ ಹೇಳುತ್ತಿದ್ದರು. ನಾನು ನೋಡಿದ ಮಟ್ಟಿಗೆ ಸಮಾನ ಅವಕಾಶ ಸಿಕ್ಕಿದ್ದು ಮೂರೂ ಊರಿನ ಹೋಟೆಲ್ಲುಗಳಿಗೆ. ಸೈಕಲ್ ಗುಂಪಿನ ಸಭೆಗೆ ಯಾರೂ ಸೈಕಲ್ ಮೇಲೆ ಬರಲಿಲ್ಲ. ಕ್ಯಾಪ್ಟನ್ ಕಾರಿನಲ್ಲಿ, ಮಾಸ್ತರರು ಬೈಕಿನಲ್ಲಿ, ಕೆಲವು ಸಲ ಎಲ್ಲರೂ ಬಸ್ಸಿನಲ್ಲಿ. ನಾನೂ ಅಕ್ಕೋರೂ ಬಸ್ಸಿನಲ್ಲೇ ಹೋಗುತ್ತಿದ್ದೆವು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ಆದ್ದರಿಂದ ನನಗೆ ಹಾಳಾದದ್ದು ಹೊತ್ತು ಮಾತ್ರ.

ಗುಡ್ಡ ಪ್ರತಿ ಸಭೆಗೂ ಸಣ್ಣದಾಗುತ್ತ ಬಂತು. ಮೊದಲ ಸಭೆಯಲ್ಲಿ ಅದು ಪಶ್ಚಿಮ ಘಟ್ಟ. ಕ್ಯಾಪ್ಟನ್ ಚುರುಮುರಿ ಸೂಸಲಾದ ತಟ್ಟೆ ಪಕ್ಕಕ್ಕೆ ಸರಿಸಿ ಮೊಬೈಲಿನಲ್ಲಿ ಮೋಡ ಮುಸುಕಿದ ಬೆಟ್ಟದ ಚಿತ್ರ ತೋರಿಸಿದರು.

"ನೋಡ್ರಿ, ಸೈಕಲ್ ತುಳಿಯೂದು ಕಾಲಿನ ಕೆಲಸ ಅಲ್ಲ. ಮೈಂಡ್‌ಸೆಟ್ ಕೆಲಸ."

"ಖರೆ ಅದ ಸರ್," ಎಂದರು ಮಾಸ್ತರರು. "ಕಾಲು ಬರೇ ನೆವ."

ಅಕ್ಕೋರು ಮಿರ್ಚಿ ಮುರಿಯುತ್ತ, "ಹಂಗಿದ್ರ ಮೈಂಡ್‌ಸೆಟ್ ಕಳಸಿಬಿಡೂಣ್ರಿ ಸರ್, ನಾವು ಇಲ್ಲೇ ಕೂಡೂಣು" ಎಂದರು. ನಾನು ಚಹಾ ಉಗುಳಿಕೊಂಡು ನಕ್ಕೆ. ಅಕ್ಕೋರ ಮೇಲೆ ನನಗಿದ್ದ ನಂಬಿಕೆ ಅಂಥ ಮಾತುಗಳಿಂದ ಬೆಳೆದದ್ದು. ಅದು ತಮಾಷೆಯಲ್ಲ, ಮುಂದಾಗುವುದರ ವರದಿ ಎಂದು ನನಗೆ ಆಗ ಹೊಳೆಯಲಿಲ್ಲ.

ಘಟ್ಟಕ್ಕೆ ರಜೆ ಸಾಲದು ಎಂದು ಗುಡ್ಡ ಸಂಡೂರಿಗೆ ಬಂತು. ಸಂಡೂರಿಗೆ ರೈಲಿನಲ್ಲಿ ಸೈಕಲ್ ಹಾಕುವುದು ತ್ರಾಸು ಎಂದು ಚಿಂಚೋಳಿಗೆ ಬಂತು. ಚಿಂಚೋಳಿಯ ಕಾಡುಗುಡ್ಡ ನಮ್ಮ ಜಿಲ್ಲೆಯದೇ. ಕಲಬುರಗಿ ದಾಟುವವರೆಗೆ ಸೈಕಲ್‌ಗಳನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಹೋಗಿ, ಅಲ್ಲಿಂದ ತುಳಿಯುವುದು ಎಂದಾಯಿತು. ಕಾಡಿನಲ್ಲಿ ರಾತ್ರಿ ಇರಲು ಅನುಮತಿ ಬೇಕಲ್ಲ ಎಂದು ನಾನು ಕೇಳಿದೆ. "ಅದರ ಜಿಮ್ಮಾ ನಂದು. ಫಿಕರ್ ಮಾಡಬ್ಯಾಡ್ರಿ," ಎಂದರು ಕ್ಯಾಪ್ಟನ್. ಉಳಿದ ಹೊತ್ತೆಲ್ಲ ಊಟದ ಮಾತು. ಕಡಕ್ ರೊಟ್ಟಿ ಯಾರು, ಶೇಂಗಾ ಹಿಂಡಿ ಯಾರು, ಕೆಂಪು ಚಟ್ನಿ ಯಾರು, ಮೊಸರು ಕೆಡದ ಹಾಗೆ ಒಯ್ಯುವುದು ಹೇಗೆ. ಊಟದ ಮಾತಿಲ್ಲದ ಸಭೆ ಒಂದೂ ಇಲ್ಲ. ದಾರಿಯ ನಕ್ಷೆ ತೆಗೆದದ್ದು ಒಂದೇ ಸಭೆಯಲ್ಲಿ, ಅದೂ ದಾರಿಯ ಮೇಲೆ ಧಾಬಾ ಎಲ್ಲಿದೆ ಎಂದು ನೋಡಲು.

ಮನೆಯಲ್ಲಿ ಕೇಳುವುದು ಇದಕ್ಕಿಂತ ಕಷ್ಟವಾಗಿತ್ತು, ಆದರೆ ಅಲ್ಲಿ ಮಾತಿಗೆ ಅರ್ಥವಿತ್ತು. ಅಪ್ಪ ಪತ್ರಿಕೆಯಿಂದ ತಲೆ ಎತ್ತದೆ, "ನಿಮ್ಮವ್ವನ್ನ ಕೇಳು" ಎಂದ. ಅವ್ವನನ್ನು ಏನೇ ಕೇಳುವುದಿದ್ದರೂ ಅವಳು ರೊಟ್ಟಿ ಬಡಿಯುವಾಗ ಕೇಳಬೇಕು. ಕೈಗೆ ಕೆಲಸವಿದ್ದರೆ ಅವಳ ಬಾಯಿ ಸ್ವಲ್ಪ ಸಡಿಲ. ನಾನು ಹೇಳಿ ಮುಗಿಸುವವರೆಗೆ ಅವಳ ಅಂಗೈ ನಿಲ್ಲಲಿಲ್ಲ. ಆಮೇಲೆ ನಿಂತಿತು.

"ಮನ್ಯಾಗ ಹಾಸಗಿ ಇಲ್ಲೇನು?"

"ಅದ."

"ಮತ್ತ ಅಡವ್ಯಾಗ ಯಾಕ ಮಲಗ್ತೀ ಬೇ?"

ಎತ್ತರದಿಂದ ನೋಡಬೇಕು ಎಂದರೆ ಅವಳು ಮಾಳಿಗೆ ತೋರಿಸುತ್ತಿದ್ದಳು. ಅವಳು ರೊಟ್ಟಿಯನ್ನು ತವೆಗೆ ಹಾಕಿ, ಮೇಲೆ ನೀರು ಸವರಿ ಹೇಳಿದಳು: "ಅಕ್ಕೋರು ಬಂದ್ರ ಹೋಗು. ದೊಡ್ಡ ಹೆಣ್ಣಮಗಳು ಒಬ್ಬಾಕಿ ಜೋಡಿ ಇರಬೇಕು. ಇಲ್ಲಂದ್ರ ಇಲ್ಲ. ಮತ್ತ ಕೇಳು, ನಾಳೆ ಅವರು ಕೈ ಕೊಟ್ಟು ನೀ ತಿರುಗಿ ಬಂದಿ ಅಂದ್ರ, ಆ ಸೈಕಲ್ ನಿಮ್ಮ ಕಾಕಾನ ಮಗಗ ಕೊಟ್ಟುಬಿಡ್ತೇನಿ. ಓಣಿ ಮಂದಿಗೆ ದಿನಾ ಜವಾಬು ಹೇಳಿ ನನಗ ಸಾಕಾಗ್ಯದ."

ಇದು ಬೆದರಿಕೆಯಲ್ಲ. ಅವ್ವ ಬೆದರಿಸುವುದಿಲ್ಲ, ಮಾಡುತ್ತಾಳೆ. ಕಾಕಾನ ಮಗ ಆಗಲೇ ಎರಡು ಸಲ ಬಂದು ಸೈಕಲ್ಲಿನ ಬೆಲ್ಲು ಬಾರಿಸಿ ನೋಡಿ ಹೋಗಿದ್ದ. ಅಂದರೆ ನನ್ನ ಪಾಲಿಗೆ ಗುಡ್ಡವೂ ಸೈಕಲ್ಲೂ ಎರಡೂ ಅಕ್ಕೋರ ಬರವಿನ ಮೇಲೆ ನಿಂತವು. ಆ ದಿನದ ಪುಟದಲ್ಲಿ ಒಂದೇ ಸಾಲು ಬರೆದೆ: ಅಕ್ಕೋರು ಬರಬೇಕು.

ನವೆಂಬರಿನ ಮೂರನೆಯ ಭಾನುವಾರ ತಾಲೀಮು. ಗುಡ್ಡ ಏರುವ ಅಭ್ಯಾಸಕ್ಕೆ ಕ್ಯಾಪ್ಟನ್ ಆರಿಸಿದ ಏರು ಭೀಮಾ ನದಿಯ ಸೇತುವೆ. ಸೇತುವೆ ಮಟ್ಟಸ. ಅದಕ್ಕೆ ಹತ್ತುವಾಗ ರಸ್ತೆ ಒಂದಿಷ್ಟು ಉಬ್ಬುತ್ತದೆ, ಬಸುರಿ ಬೆಕ್ಕಿನ ಹೊಟ್ಟೆಯಷ್ಟು. ಆ ಉಬ್ಬಿನ ಅರ್ಧಕ್ಕೆ ಮಾಸ್ತರರು ಇಳಿದು ಸೈಕಲ್ ನೂಕಿದರು. ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರಿನವನು ಹಾರ್ನ್ ಹೊಡೆದು, "ಮಾಸ್ತರೇ, ಅದು ನೂಕೂ ಗಾಡಿ ಅಲ್ಲರಿ, ಮ್ಯಾಲ ಕೂಡೂದು," ಎಂದು ಕೂಗಿ ಹೋದ. ಸೇತುವೆಯ ಮೇಲೆ ಕ್ಯಾಪ್ಟನ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ನದಿ ಕಾಣದ ಹಾಗೆ, ಆಕಾಶ ಮಾತ್ರ ಕಾಣುವ ಹಾಗೆ ಫೋಟೋ ತೆಗೆಸಿದರು. ಅದರ ಕೆಳಗೆ ಏನೋ ಶಿಖರದ ಮಾತು ಬರೆದು ವಾಟ್ಸಾಪ್ ಗುಂಪಿಗೆ ಹಾಕಿದರು. ಅದಕ್ಕೆ ಬಂದ ಹೊಗಳಿಕೆ ಓದಿ ಅವರು ಅಂದು ಮನೆಗೆ ಹೋದ ರೀತಿ ನೋಡಿದರೆ, ಗುಡ್ಡ ಅಲ್ಲಿಗೇ ಮುಗಿದಂತಿತ್ತು.

ಅದೇ ಮಧ್ಯಾಹ್ನ ಶಾಲೆಯೊಂದರ ಬಯಲಿನಲ್ಲಿ ಟೆಂಟ್ ಹಾಕುವ ತಾಲೀಮೂ ನಡೆಯಿತು. ಕ್ಯಾಪ್ಟನ್ ಆನ್‌ಲೈನಿನಲ್ಲಿ ತರಿಸಿದ ಹಸಿರು ಟೆಂಟ್. ಗಂಡಸರು ನಾಲ್ವರೂ ಸೇರಿ ಅದನ್ನು ಮೊದಲು ಒಳಮೈ ಹೊರಗೆ ಮಾಡಿ ಕಟ್ಟಿದರು. ಆಮೇಲೆ ಸರಿಯಾಗಿ ಕಟ್ಟಿ, ಗೂಟ ಹೊಡೆಯದೆ ಚಹಾಕ್ಕೆ ಹೋದರು. ತಿರುಗಿ ಬರುವಷ್ಟರಲ್ಲಿ ಒಂದು ನಾಯಿ ಒಳಗೆ ಮಲಗಿತ್ತು. ಏಳೆಂದರೆ ಏಳಲಿಲ್ಲ. ಮಾಸ್ತರರು ಸೀಟಿ ಊದಿದರು. ನಾಯಿ ತಲೆ ಮಾತ್ರ ಹೊರಗೆ ಹಾಕಿ ನೋಡಿ, ಮತ್ತೆ ಒಳಗೆ ಮಗ್ಗಲು ಬದಲಿಸಿತು. ಆ ಟೆಂಟಿನಲ್ಲಿ ನಿಜವಾಗಿ ಮಲಗುವ ಉದ್ದೇಶ ಇಟ್ಟುಕೊಂಡ ಜೀವ ಅದೊಂದೇ ಎಂದು ನನಗೆ ಆಗಲೇ ಅನಿಸಿತ್ತು. ಟೆಂಟನ್ನು ಮಡಚಿ ಅದರ ಚೀಲಕ್ಕೆ ತುಂಬಲು ಯಾರಿಂದಲೂ ಆಗಲಿಲ್ಲ. ಗೋಧಿಯ ಗೋಣಿಚೀಲ ತರಿಸಿ ಅದರಲ್ಲಿ ತುರುಕಿದರು.

ಕೊನೆಯ ಸಭೆ ಡಿಸೆಂಬರಿನಲ್ಲಿ, ಅಫಜಲಪುರದ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ. ಬರುವ ಶನಿವಾರ ಹೊರಡುವುದು ಎಂದು ಗಟ್ಟಿಯಾಗಿತ್ತು. ಟಂಟಂನವನಿಗೆ ಎಷ್ಟು ಸೈಕಲ್ ಎಂದು ಹೇಳಬೇಕು. ನಾನು ಪುಸ್ತಕ ತೆರೆದು ಕೇಳಿದೆ: "ಖಾತ್ರಿಯಾಗಿ ಹೇಳ್ರಿ, ಶನಿವಾರ ಯಾರ್ಯಾರು ಬರ್ತೀರಿ?"

ಅಷ್ಟು ಹೊತ್ತಿಗೆ ಹೊರಗೆ ಜೇವರ್ಗಿ ಬಸ್ಸು ಬಂದು ನಿಂತಿತು. ಎಲ್ಲರೂ ಒಟ್ಟಿಗೆ ಎದ್ದರು. "ಬರ್ತೇನ್ರಿ," ಎಂದರು ಕ್ಯಾಪ್ಟನ್, ಹೆಲ್ಮೆಟ್ ಸರಿಮಾಡಿಕೊಳ್ಳುತ್ತ. ನಾನು ಗೆರೆ ಎಳೆದೆ. "ನಾವೂ ಬರ್ತೇವ್ರಿ," ಎಂದರು ಬ್ಯಾಂಕಿನವರು. ಇನ್ನೆರಡು ಗೆರೆ. ಮಾಸ್ತರರು ಬೈಕಿನ ಕೀಲಿ ತಿರುವುತ್ತ, "ಬರ್ತೇನವಾ ತಂಗಿ," ಎಂದರು. ನಾಲ್ಕನೆಯ ಗೆರೆ. ಕೊನೆಗೆ ಅಕ್ಕೋರು ಸೆರಗು ಕೊಡವಿ ಎದ್ದು, ನನ್ನ ಭುಜ ತಟ್ಟಿ, "ಬರ್ತೇನವಾ," ಎಂದರು. ಐದನೆಯದನ್ನು ಅಡ್ಡ ಎಳೆದೆ. ಅಷ್ಟು ನೆಟ್ಟಗೆ ಬಂದ ಗೆರೆ ನನ್ನ ಪುಸ್ತಕದಲ್ಲಿ ಇನ್ನೊಂದಿಲ್ಲ.

ನಮ್ಮಲ್ಲಿ ಯಾರೂ ಹೋಗುತ್ತೇನೆ ಎನ್ನುವುದಿಲ್ಲ. ಹೋಗುವವರು ಸತ್ತವರು. ಬದುಕಿರುವವರು ಎದ್ದು ಹೋಗುವಾಗ ಬರ್ತೇನಿ ಎನ್ನುತ್ತಾರೆ. ಇದು ನನಗೆ ತೊಟ್ಟಿಲಿನಿಂದ ಗೊತ್ತು. ಗೊತ್ತಿದ್ದೂ ಗೆರೆ ಎಳೆದೆ, ಏಕೆಂದರೆ ನಾನು ಕೇಳಿದ ಪ್ರಶ್ನೆಗೆ ಅದೇ ಉತ್ತರ. ಬಸ್ಸಿಗೂ ಅದೇ ಉತ್ತರ. ಎರಡರಲ್ಲಿ ಯಾವುದಕ್ಕೆ ಎಂದು ಅವರು ಹೇಳಲಿಲ್ಲ, ಮುಂದೆ ಎಂದಾದರೂ ಹೇಳಬೇಕಾಗಿ ಬಂದರೆ ಅನುಕೂಲವಾದದ್ದನ್ನು ಹೇಳಿದರಾಯಿತು ಎಂದು ಬಿಟ್ಟರು. ಇಷ್ಟು ಅಗ್ಗದ ಜಾಣತನವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಶುಕ್ರವಾರ ಸಂಜೆ ಲ್ಯಾಬಿನಿಂದ ಬಂದು ಚೀಲ ಕಟ್ಟುತ್ತಿದ್ದೆ. ಗುಂಪಿನಲ್ಲಿ ಕ್ಯಾಪ್ಟನ್ನರ ಸಂದೇಶ ಬಂತು. ಅನುಮತಿ ಸಿಗಲಿಲ್ಲವಾದ್ದರಿಂದ ಚಿಂಚೋಳಿ ರದ್ದು. ಬದಲಿಗೆ ಕರಜಗಿ ಹತ್ತಿರ ಅವರ ಗೆಳೆಯರೊಬ್ಬರ ಕಬ್ಬಿನ ತೋಟದ ಮನೆಯಲ್ಲಿ ಎಲ್ಲರೂ ಸೇರುವುದು, ಗೀಸರ್ ಇದೆ, ಅಡುಗೆಯವನಿದ್ದಾನೆ, ಕಾರಿನಲ್ಲಿ ಬಂದರೂ ನಡೆಯುತ್ತದೆ. ನಾನು ಫೋನ್ ಹಚ್ಚಿದೆ.

"ಸರ್, ಅನುಮತಿ ಕೇಳಿದ್ರೇನ್ರಿ?"

"ಕೇಳೂದೇನದವಾ, ಸಿಗಂಗಿಲ್ಲ."

"ಕೇಳಲಾರದ ಹೆಂಗ ಗೊತ್ತಾತ್ರಿ?"

"ಅನುಭವ," ಎಂದರು.

ಮಾಸ್ತರರಿಗೆ ಹಚ್ಚಿದೆ. ಅವರು ಪ್ರಾಮಾಣಿಕವಾಗಿಯೇ ಆಶ್ಚರ್ಯಪಟ್ಟರು. "ಬರ್ತೇನಿ ಅಂದಿದ್ದೆ ಖರೆ. ಅದು ಮನಿಗಿ ಹೋಗೂ ಮುಂದ ಅಂದದ್ದಲ್ಲೇನವಾ? ಎದ್ದು ಹೋಗಾವ ಮತ್ತೇನು ಅನ್ಬೇಕು, ನೀನಽ ಹೇಳು."

ಇವರಿಬ್ಬರಿಂದ ನನಗೆ ಆಗಬೇಕಾದದ್ದು ಏನೂ ಇರಲಿಲ್ಲ. ಅಕ್ಕೋರ ಮನೆಗೆ ನಡೆದುಕೊಂಡೇ ಹೋದೆ. ಅವರು ಟೀವಿ ಮುಂದೆ ಅವರೆಕಾಯಿ ಬಿಡಿಸುತ್ತಿದ್ದರು. ತಾವೂ ನಾನೂ ಇಬ್ಬರೇ ಬೇಕಾದರೂ ಹೋಗೋಣ, ಕಾಡು ಬೇಡ, ಕಾಡಿನ ಅಂಚಿನ ಊರಿನಲ್ಲಿ ಯಾರದಾದರೂ ಅಂಗಳದಲ್ಲಿ ಮಲಗೋಣ ಎಂದೆ. ಎಲ್ಲ ಯೋಚಿಸಿಕೊಂಡು ಹೋಗಿದ್ದೆ. ಅಕ್ಕೋರು ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಚಳಿ ಭಾಳ ಅದವಾ," ಎಂದರು.

ನಾನು ಕಾಯುತ್ತ ನಿಂತೆ. ಗಂಡ ಬೇಡವೆಂದರು, ಅತ್ತೆಗೆ ಹುಷಾರಿಲ್ಲ, ಶಾಲೆಯಲ್ಲಿ ಕೆಲಸ ಬಂತು, ಹೀಗೆ ಇನ್ನೇನಾದರೂ ಬರುತ್ತದೆಯೇ ಎಂದು. ಬರಲಿಲ್ಲ. ಅವರ ಗಂಡ ಪಕ್ಕದಲ್ಲೇ ಕುಳಿತು, "ಹೋಗು, ಒಂದಿನ ಟೀವಿ ನನ್ನ ಕೈಗೆ ಸಿಗ್ತದ," ಎಂದು ನಗುತ್ತಿದ್ದರು. ಚಳಿ, ಅಷ್ಟೇ. ಭೂಮಿ ಸೂರ್ಯನಿಂದ ವಾಲುವುದನ್ನು, ಎತ್ತರಕ್ಕೆ ಹೋದಂತೆ ಗಾಳಿ ತಿಳಿಯಾಗುವುದನ್ನು ನನಗೆ ಕಲಿಸಿದ ಹೆಂಗಸು, ನಮ್ಮ ಊರಿನ ಡಿಸೆಂಬರಿಗೆ ಹೆದರಿ ಅವರೆಕಾಯಿ ಬಿಡಿಸುತ್ತಿದ್ದಳು. ಅವ್ವ ಇಟ್ಟ ಷರತ್ತು ಅವರಿಗೆ ಗೊತ್ತಿತ್ತು, ಸೈಕಲ್ಲಿನ ಮಾತೂ ಗೊತ್ತಿತ್ತು. "ನಾಳೆ ಕರಜಗಿಗೆ ಬಾ, ಕಾರಿನ್ಯಾಗ ಜಾಗ ಅದ," ಎಂದರು. ನಾನು ಆ ಮನೆಯಿಂದ ಏಳುವಾಗ ಬರ್ತೇನಿ ಎನ್ನಲಿಲ್ಲ. ಜೀವನದಲ್ಲಿ ಮೊದಲ ಸಲ, ಏನೂ ಅನ್ನದೆ ಎದ್ದುಬಂದೆ.

ಅವ್ವನಿಗೆ ಅದು ನನ್ನ ಮುಖದಲ್ಲೇ ಕಂಡಿತು. "ಮುಗೀತಲ್ಲ," ಎಂದಳು. "ಎಳ್ಳ ಅಮಾಸಿಗೆ ಹೊಲಕ್ಕ ಹೋಗಿ ಉಂಡು ಬರೂ ಮಂದಿ, ಗುಡ್ಡಕ್ಕ ಹೋಗ್ತಾರಂತ." ಗುಂಪಿನ ಬಗ್ಗೆ ನಾನು ಎರಡು ತಿಂಗಳು ಬರೆದದ್ದನ್ನೆಲ್ಲ ಅವಳು ಒಂದು ಉಸಿರಿನಲ್ಲಿ ಹೇಳಿಬಿಟ್ಟಳು. ಸೈಕಲ್ಲಿನ ಮಾತು ಎತ್ತಲಿಲ್ಲ. ಎತ್ತುವ ಅಗತ್ಯವಿರಲಿಲ್ಲ. ಕಾಕಾನ ಮಗ ಭಾನುವಾರ ಊಟಕ್ಕೆ ಬರುವವನಿದ್ದ.

ಶನಿವಾರ ಬೆಳಕು ಹರಿಯುವ ಮೊದಲೇ ಎಚ್ಚರವಾಯಿತು. ಅವ್ವ ಒಲೆಯ ಮುಂದೆ ಕುಳಿತಿದ್ದಳು. ರೊಟ್ಟಿ ಬಡಿಯುವ ಸದ್ದು ನಡೆದಿತ್ತು. ಚೀಲ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ನಾನು ಹಾಸಿಗೆಯಲ್ಲೇ ಅವಳಿಗೆ ಹೇಳಬೇಕಾದ ಮಾತನ್ನು ಸಾಲು ಹಚ್ಚಿಕೊಂಡೆ. ಚಿಂಚೋಳಿ ಬೇಡ. ಆಳಂದ ಕಡೆಗೆ ರಸ್ತೆ ಏರುತ್ತ ಹೋಗುತ್ತದೆ. ನಿಂಬರ್ಗಾದಲ್ಲಿ ದೊಡ್ಡವ್ವ ಇದ್ದಾಳೆ. ಅವಳ ಹೊಲದ ತುದಿಗೆ ಒಂದು ದಿನ್ನೆ ಇದೆ. ಗುಡ್ಡವಲ್ಲ, ದಿನ್ನೆ. ದೊಡ್ಡ ಹೆಣ್ಣುಮಗಳು ಒಬ್ಬಳು ಜೊತೆಗಿರಬೇಕು ಎಂದಿದ್ದೀ, ದೊಡ್ಡವ್ವನಿಗಿಂತ ದೊಡ್ಡವಳು ನಮ್ಮ ಮನೆತನದಲ್ಲಿ ಯಾರಿದ್ದಾರೆ? ಇಷ್ಟನ್ನೂ ಕ್ರಮವಾಗಿ ಹೇಳಬೇಕು, ಅವಳು ನಡುವೆ ಬಾಯಿ ಹಾಕಿದರೆ ಎಲ್ಲಿಂದ ಮತ್ತೆ ಹಿಡಿಯಬೇಕು ಎಂಬುದೂ ತಯಾರಿತ್ತು.

ಚೀಲ ಹೆಗಲಿಗೇರಿಸಿ, ಸೈಕಲ್ಲನ್ನು ಪಡಸಾಲೆಯಿಂದ ಹೊಸ್ತಿಲು ದಾಟಿಸಿ, ಹೇಳಲೆಂದು ತಿರುಗಿದೆ. ಅವ್ವನ ಬೆನ್ನು ನನ್ನ ಕಡೆಗಿತ್ತು. ಸಾಲು ಹಚ್ಚಿಕೊಂಡದ್ದು ಒಂದೂ ಬಾಯಿಗೆ ಬರಲಿಲ್ಲ. ಹೊಸ್ತಿಲಲ್ಲಿ ನಿಂತವರ ಬಾಯಿಗೆ ಏನು ಬರುತ್ತದೋ ಅದೇ ಬಂತು.

"ಬರ್ತೇನವ್ವಾ."

"ಹೂಂ, ಹೋಗಿ ಬಾ," ಎಂದಳು ಅವ್ವ.

ನಾನು ಬರ್ತೇನಿ ಅಂದದ್ದು ಹೇಗೆ ತಾನಾಗಿ ಬಂತೋ, ಅವಳದೂ ಹಾಗೇ ಬಂತು. ಆ ಮಾತಿಗೆ ಈ ಮಾತು, ಬಾಗಿಲಿಗೆ ಚಿಲಕದ ಹಾಗೆ. ಒಂದು ಗಳಿಗೆ ಅಂಗೈಯ ಸದ್ದು ನಡೆದಿತ್ತು. ಆಮೇಲೆ ನಿಂತಿತು. ತಾನು ಏನು ಹೇಳಿದೆ ಎಂದು ಅವಳಿಗೆ ತಿಳಿಯಿತು ಎಂದು ನನಗೆ ತಿಳಿಯಿತು. ಈಗ ಅವಳು ಕೂಗಬಹುದಿತ್ತು. ಆದರೆ ಹೊರಟವರನ್ನು ಹಿಂದಿನಿಂದ ಕೂಗಬಾರದು. ಎಲ್ಲಿಗೆ ಎಂದೂ ಕೇಳಬಾರದು. ಇದನ್ನು ನನಗೆ ಕಲಿಸಿದವಳು ಅವಳೇ, ಅಪ್ಪ ಪೇಟೆಗೆ ಹೊರಟಾಗ ನಾನು ಚಾಕಲೇಟು ತಾ ಎಂದು ಕೂಗಿ ಬೆನ್ನಿಗೆ ಹೊಡೆತ ತಿಂದದ್ದು ಇನ್ನೂ ನೆನಪಿದೆ. ನಾನು ತಿರುಗಿ ನೋಡದೆ ಪೆಡಲಿನ ಮೇಲೆ ಕಾಲಿಟ್ಟೆ. ಓಣಿ ದಾಟುವವರೆಗೂ ಹಿಂದೆ ರೊಟ್ಟಿಯ ಸದ್ದು ಮತ್ತೆ ಕೇಳಲಿಲ್ಲ.

ಆಳಂದ ಕಡೆಯ ರಸ್ತೆ ಏರುತ್ತದೆ ಎಂದು ಬಸ್ಸಿನಲ್ಲಿ ಹೋದವರಿಗೆ ಗೊತ್ತಾಗುವುದಿಲ್ಲ. ಕಣ್ಣಿಗೂ ಕಾಣುವುದಿಲ್ಲ. ತೊಡೆಗೆ ಗೊತ್ತಾಗುತ್ತದೆ. ಎರಡೂ ಬದಿಗೆ ತೊಗರಿ ಕೊಯ್ದು ಹಾಕಿದ್ದರು. ಹೊಲದಲ್ಲಿದ್ದ ಹೆಂಗಸರು ಎದ್ದು ನಿಂತು ಸೊಂಟದ ಮೇಲೆ ಕೈ ಇಟ್ಟು ನೋಡಿದರು. ಒಬ್ಬಳು, "ಬಸ್ಸು ಪುಕ್ಕಟೆ ಅದ ಬೇ," ಎಂದು ಕೂಗಿ ಹೇಳಿದಳು. ನನಗೆ ಗೊತ್ತಿಲ್ಲ ಎಂದುಕೊಂಡಿರಬೇಕು.

ಅರ್ಧ ದಾರಿಯಲ್ಲಿ ಒಂದು ಬೇವಿನ ಮರದ ಕೆಳಗೆ ನಿಂತು ನೀರು ಕುಡಿಯುವಾಗ ಫೋನು ಬಂತು. ಅವ್ವ.

"ಹಿಂದಿಂದ ಕೂಗಬಾರದಂತ ಇಷ್ಟೊತ್ತು ತಡದೇನಿ," ಎಂದಳು. "ನಿಂತೀಯೇನು?"

"ನಿಂತೇನಿ."

"ನಿಂತಾಗ ಮಾತಾಡಿದ್ರ ನಡೀತದ. ಯಾವ ದಿಕ್ಕಿಗಿ ಹೊಂಟೀ?"

ದೊಡ್ಡವ್ವನ ಊರು ಎಂದೆ. ದಿನ್ನೆ ಎಂದೆ. ಸಾಲು ಹಚ್ಚಿಕೊಂಡಿದ್ದ ಮಾತೆಲ್ಲ ಆಗ ಬಂತು, ಕ್ರಮವಾಗಿ. ಅವಳು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ, "ಜಾಣತನ ಮಾಡ್ತಿ," ಎಂದಳು. "ನಾನಽ ಹೋಗಿ ಬಾ ಅಂದೇನಿ, ಈಗ ಏನು ಮಾಡೂದು. ದೊಡ್ಡವ್ವಗ ಫೋನ್ ಹಚ್ತೇನಿ. ಕೌದಿ ಒಯ್ಯಲಾರದ ಹೋಗೀ, ಖಬರಗೇಡಿ," ಎಂದು ಇಟ್ಟಳು.

ದೊಡ್ಡವ್ವ ಊರ ಬಾಯಲ್ಲೇ ನಿಂತಿದ್ದಳು. ನನ್ನನ್ನು ನೋಡಿ ಅವಳು ಕೇಳಿದ ಮೊದಲ ಮಾತು, "ಬಸ್ಸು ಕೆಟ್ಟಿತ್ತೇನು?" ಎರಡನೆಯದು, "ಮದುವಿ ಮಾತು ತಗದಾರಂತ ಓಡಿ ಬಂದೀಯೇನು?" ಇಲ್ಲ, ದಿನ್ನೆಯ ಮೇಲೆ ಮಲಗಲು ಬಂದೆ ಎಂದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಆಮೇಲೆ ಸಂಜೆ ಎರಡು ಕೌದಿ ತಲೆಯ ಮೇಲೆ ಹೊತ್ತು, ಕೈಯಲ್ಲಿ ಕೋಲು ಹಿಡಿದು, ಹೊಲದ ಬದುವಿನುದ್ದಕ್ಕೂ ನನಗೂ ನನ್ನನ್ನು ಹೆತ್ತವಳಿಗೂ ಬಯ್ಯುತ್ತ ನನ್ನ ಮುಂದೆ ನಡೆದಳು. ಸೈಕಲ್ಲನ್ನು ಬದುವಿನಲ್ಲಿ ತುಳಿಯಲು ಬರುವುದಿಲ್ಲ. ದಿನ್ನೆಯ ಬುಡದಿಂದ ಮಾತ್ರ ಕಲ್ಲುನೆಲ. ಅಲ್ಲಿಂದ ತುದಿಯವರೆಗೆ ನಾನು ಇಳಿಯದೆ ತುಳಿದೆ. ಒಮ್ಮೆ ಮುಂದಿನ ಗಾಲಿ ಜಾರಿತು, ಕಾಲು ನೆಲಕ್ಕೆ ತಾಗಲಿಲ್ಲ. ಇದನ್ನು ನೋಡಿದವಳು ದೊಡ್ಡವ್ವ ಒಬ್ಬಳೇ. ಅವಳು, "ಇಳದು ನೂಕು, ಚೈನು ಹರೀತದ," ಎಂದಳು.

ಅದನ್ನು ಗುಡ್ಡ ಎನ್ನಲು ನನಗೆ ನಾಚಿಕೆ. ಘಟ್ಟ ಕಂಡವರು ಅದನ್ನು ಕಂಡರೆ ನಕ್ಕಾರು. ನಾನೂ ನಗುತ್ತೇನೆ. ಆದರೆ ಅಲ್ಲಿ ನಿಂತು ನೋಡಿದರೆ ನಿಂಬರ್ಗಾದ ಮಾಳಿಗೆಗಳು ಕಣ್ಣಿನ ಮಟ್ಟಕ್ಕಿಂತ ಕೆಳಗಿದ್ದವು. ಟಾಕಿಗಳ ಮುಚ್ಚಳ ಕಾಣುತ್ತಿತ್ತು. ಹೊಲಗಳು ಹೊಲಿಗೆ ಹಾಕಿದ ಕೌದಿಯ ಹಾಗೆ ತುಂಡು ತುಂಡಾಗಿ ಸೇರಿಕೊಂಡಿದ್ದವು, ಅವುಗಳ ನಡುವೆ ನಾನು ಬಂದ ರಸ್ತೆ ಒಂದು ಬಿಳಿ ದಾರ. ಕೆಳಗೆ ನೋಡುವುದು ಎಂದರೆ ಇದು. ದೊಡ್ಡವ್ವನಿಗೆ ತೋರಿಸಿದೆ. "ನಮ್ಮ ಹೊಲ, ನನಗ ಏನು ತೋರಸ್ತೀ," ಎಂದು ಕೌದಿ ಹೊದ್ದು ಮಲಗಿದಳು. ಮಲಗಿದ ಕೂಡಲೇ ಗೊರಕೆ. ಚಳಿ ಇತ್ತು. ಅಕ್ಕೋರು ಹೇಳಿದ್ದರಲ್ಲಿ ಅದೊಂದು ಮಾತ್ರ ನಿಜ. ಎರಡು ಕೌದಿಗೆ ತಡೆಯುವಷ್ಟು ಚಳಿ.

ಬೆಳಗ್ಗೆ ಎದ್ದು ಫೋನು ನೋಡಿದರೆ ಗುಂಪಿನ ತುಂಬ ಫೋಟೋ. ತೋಟದ ಮನೆಯ ಪಡಸಾಲೆಯಲ್ಲಿ, ಸೂರಿನ ಕೆಳಗೆ, ಟೈಲ್ಸ್ ನೆಲದ ಮೇಲೆ ಹಸಿರು ಟೆಂಟ್ ಕಟ್ಟಿದ್ದರು. ಅದರ ಮುಂದೆ ಕ್ಯಾಪ್ಟನ್, ಹೆಲ್ಮೆಟ್ ಹಾಕಿಕೊಂಡು, ಕೈಯಲ್ಲಿ ತಟ್ಟೆ. ಮಾಸ್ತರರು ಟೆಂಟಿನೊಳಗಿಂದ ತಲೆ ಮಾತ್ರ ಹೊರಗೆ ಹಾಕಿದ್ದರು, ಆ ನಾಯಿ ಹಾಕಿದ ಹಾಗೆ. ಸೈಕಲ್ ಎಲ್ಲೂ ಇರಲಿಲ್ಲ. ನಾನು ಯಾವ ಫೋಟೋವನ್ನೂ ಹಾಕಲಿಲ್ಲ. ಅವ್ವನಿಗೆ ಮಾತ್ರ ಒಂದು ಕಳಿಸಿದೆ: ದಿನ್ನೆಯ ತುದಿ, ಕಲ್ಲಿಗೆ ಒರಗಿಸಿದ ಸೈಕಲ್, ಪಕ್ಕದಲ್ಲಿ ಕೌದಿಯೊಳಗೆ ದೊಡ್ಡವ್ವನ ಗುಪ್ಪೆ. ಅವಳಿಂದ ಉತ್ತರ ಬರಲಿಲ್ಲ. ಸಂಜೆ ಮನೆಗೆ ಬಂದಾಗ ಕಾಕಾನ ಮಗ ಉಂಡು ಹೋಗಿದ್ದ, ಬರಿಗೈಯಲ್ಲಿ. ಸೈಕಲ್ ನಿಲ್ಲಿಸುವ ಜಾಗದಲ್ಲಿ ಇಟ್ಟಿದ್ದ ಜೋಳದ ಚೀಲವನ್ನು ಅವ್ವ ಆ ಕಡೆಗೆ ಸರಿಸಿದ್ದಳು.

ಅಕ್ಕೋರ ಸಂದೇಶ ಅಂದು ಸಂಜೆಯೇ ಬಂತು. ನಾನು ಎಲ್ಲಿಗೆ ಹೋಗಿದ್ದೆ ಎಂದು ಓಣಿಯಲ್ಲಿ ಸುದ್ದಿಯಾಗಿತ್ತು. ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದಿದ್ದರು. ಚಳಿ ಕಡಿಮೆಯಾಗಲಿ ಎಂದಿದ್ದರು. ಕೊನೆಗೆ, "ಮುಂದಿನ ಸಲ ಖಂಡಿತ ಬರ್ತೇನವಾ."

ಹಿರಿಯರು ಬರ್ತೇನಿ ಎಂದಾಗ ಸುಮ್ಮನಿರುವುದು ನಮ್ಮಲ್ಲಿ ಮರ್ಯಾದೆಯಲ್ಲ. ಅದಕ್ಕೆ ಏನು ಹೇಳಬೇಕೋ ಅದನ್ನೇ ಬರೆದೆ.

"ಹೋಗಿ ಬರ್ರಿ, ಅಕ್ಕೋರೆ."